ಗೇಜಿನ ಮುಳ್ಳು 0.24ರಲ್ಲಿ: ಹನಿ ನೀರಾವರಿಯಲ್ಲಿ ಒತ್ತಡದ ಮಾನ ಅದಲುಬದಲಾದ ಪ್ರಕರಣ

ಚಿತ್ರದುರ್ಗ ಜಿಲ್ಲೆಯ ಒಂದು ಇಳಿಜಾರು ಜಮೀನು, ನಾಲ್ಕು ಎಕರೆ ದಾಳಿಂಬೆ. ತಗ್ಗಿನಲ್ಲಿ ಕೃಷಿ ಹೊಂಡ, ಅದರ ಏರಿಯ ಮೇಲೆ 2 ಎಚ್‌ಪಿ ಮಾನೊಬ್ಲಾಕ್ ಪಂಪು. ಪಂಪಿನ ಮುಂದೆ ಎನ್‌ಆರ್‌ವಿ (ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್), ಮರಳು ಫಿಲ್ಟರ್, ಸ್ಕ್ರೀನ್ ಫಿಲ್ಟರ್. ಅಲ್ಲಿಂದ 63 ಮಿ.ಮೀ. ಪಿವಿಸಿ ಮೇನ್‌ಲೈನ್ 240 ಮೀಟರ್ ಏರಿಕೊಂಡು ಹೋಗುತ್ತದೆ. ತೋಟವನ್ನು ಎರಡೆರಡು ಎಕರೆಯ ಎರಡು ಬ್ಲಾಕ್ ಮಾಡಿ, ಪಾಳಿಯ ಮೇಲೆ ನೀರು ಬಿಡುವ ವ್ಯವಸ್ಥೆ. ಸಾಲಿನಿಂದ ಸಾಲಿಗೆ 12 ಅಡಿ, ಗಿಡದಿಂದ ಗಿಡಕ್ಕೆ 10 ಅಡಿ. ಹಾಗಾಗಿ ಬ್ಲಾಕಿಗೆ ಸುಮಾರು 720 ಗಿಡ, ಗಿಡಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್. ಒಂದು ಬ್ಲಾಕ್ ಓಡುವಾಗ ಬೇಕಾದ ನೀರು ಗಂಟೆಗೆ 5,760 ಲೀಟರ್, ಅಂದರೆ ಸೆಕೆಂಡಿಗೆ 1.6 ಲೀಟರ್. ಕೆಳಗಿನ ಬ್ಲಾಕ್‌ನ ತುದಿ ಪಂಪಿಗಿಂತ 2 ಮೀಟರ್ ಎತ್ತರದಲ್ಲಿದೆ. ಮೇಲಿನ ಬ್ಲಾಕ್ 12 ಮೀಟರ್ ಎತ್ತರದಲ್ಲಿ ಶುರುವಾಗಿ 14 ಮೀಟರಿಗೆ ಮುಗಿಯುತ್ತದೆ.

ಬೇಸಿಗೆಯಲ್ಲಿ ಮೇಲಿನ ಬ್ಲಾಕ್‌ನ ಕೊನೆಯ ಸಾಲುಗಳಲ್ಲಿ ಕಾಯಿ ದಪ್ಪವಾಗದೆ ಬಿರಿಯತೊಡಗಿತು. ನೀರು ಏರುಪೇರಾದರೆ ದಾಳಿಂಬೆ ಬಿರಿಯುತ್ತದೆ, ಹಾಗಾಗಿ ಅನುಮಾನ ನೇರ ಡ್ರಿಪ್ಪರ್ ಮೇಲೆ ಹೋಯಿತು. ತುದಿಯ ಡ್ರಿಪ್ಪರ್ ಕೆಳಗೆ ಅಳತೆ ಲೋಟ ಇಟ್ಟು ನೋಡಿದರೆ ನಿಮಿಷಕ್ಕೆ 53 ಮಿ.ಲೀ. ಬರುತ್ತಿತ್ತು. ಗಂಟೆಗೆ 4 ಲೀಟರ್ ಎಂದರೆ ನಿಮಿಷಕ್ಕೆ 67 ಮಿ.ಲೀ. ಬರಬೇಕು. ಐದರಲ್ಲಿ ಒಂದು ಪಾಲು ಕಡಿಮೆ. ದಿನಕ್ಕೆ ನಾಲ್ಕು ಗಂಟೆ ಓಡಿಸಿದರೆ ಗಿಡಕ್ಕೆ 32 ಲೀಟರ್ ಬದಲು 25.6 ಲೀಟರ್.

ಆಮೇಲೆ ಗೇಜು ನೋಡಿದರು. ಫಿಲ್ಟರಿಗಿಂತ ಮೊದಲಿನ ಗೇಜಿನ ರಂಧ್ರ ಕೆಸರು ಕಟ್ಟಿ ಮುಳ್ಳು ಸೊನ್ನೆಯಲ್ಲೇ ಕೂತಿತ್ತು. ಫಿಲ್ಟರ್ ದಾಟಿದ ಮೇಲಿನದು ಹಳೆಯದು ಒಡೆದ ಮೇಲೆ ಹಾಕಿದ ಹೊಸ ಗೇಜು, ಅದರ ಮುಳ್ಳು 0.24ರಲ್ಲಿ ನಿಂತಿತ್ತು. ಡ್ರಿಪ್ ಹಾಕಿದವರು ಕೊಟ್ಟ ಹಾಳೆಯಲ್ಲಿ ಮಾತ್ರ ‘ಮೇಲಿನ ಬ್ಲಾಕ್ ಓಡುವಾಗ ಫಿಲ್ಟರ್ ನಂತರ 3 ಕೆಜಿ’ ಎಂದಿತ್ತು (ಇಲ್ಲಿ ಕೆಜಿ ಎಂದರೆ ತೂಕವಲ್ಲ, ಒತ್ತಡದ ಮಾನ). ಮೂರು ಇರಬೇಕಾದ ಕಡೆ ಕಾಲು ಕೆಜಿಯೂ ಇಲ್ಲ, ಪಂಪು ಸೋತಿದೆ ಎಂದು ತೀರ್ಮಾನವಾಗಿ 3 ಎಚ್‌ಪಿ ಪಂಪು ಬಂತು. ಅದನ್ನು ಕೂರಿಸಿದ ಸ್ವಲ್ಪ ದಿನಕ್ಕೆ, ಮೇನ್‌ಲೈನ್ ನೆಲಕ್ಕಿಳಿಯುವ ಎಲ್ಬೋ ಹತ್ತಿರದ, ಸಲ್ಯೂಷನ್ (ಪಿವಿಸಿ ಅಂಟು) ಹಚ್ಚಿ ಸೇರಿಸಿದ ಜಾಯಿಂಟ್ ಕಿತ್ತುಹೋಯಿತು.

ಹೊಸ ಗೇಜಿನ ಮುಖದ ಮೇಲೆ ಸೊನ್ನೆಯಿಂದ ಒಂದರವರೆಗೆ ಗುರುತುಗಳು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಂಪಿಎ’. ಅದು ಮೆಗಾಪ್ಯಾಸ್ಕಲ್. 0.24 ಮೆಗಾಪ್ಯಾಸ್ಕಲ್ ಎಂದರೆ 2.4 ಕೆಜಿಗಿಂತ ಒಂದು ಕೂದಲಷ್ಟು ಹೆಚ್ಚು. ಬೇಕಿದ್ದದ್ದು 3, ಇದ್ದದ್ದು 2.4. ಕೊರತೆ ಇತ್ತು, ಆದರೆ ಅದು ಪಂಪು ಬದಲಿಸುವಷ್ಟು ದೊಡ್ಡದಾಗಿರಲಿಲ್ಲ.

ಮಾನ ಯಾವುದೆಂದು ಓದದಿದ್ದರೂ ಈ ತಪ್ಪನ್ನು ಹಿಡಿಯಲು ದಾರಿಯಿತ್ತು. 0.24 ಕೆಜಿ ಒತ್ತಡ ನೀರನ್ನು ಎತ್ತುವುದು 2.4 ಮೀಟರ್ ಮಾತ್ರ. 14 ಮೀಟರ್ ಎತ್ತರದ ಡ್ರಿಪ್ಪರಿನಲ್ಲಿ ನಿಮಿಷಕ್ಕೆ 53 ಮಿ.ಲೀ. ಬೀಳುತ್ತಿದೆ ಎಂದಾದರೆ ಬುಡದಲ್ಲಿ 1.4 ಕೆಜಿಗಿಂತ ಹೆಚ್ಚು ಇರಲೇಬೇಕು. ಗೇಜಿನ ಅಂಕಿಗೂ ಕಣ್ಣೆದುರಿನ ನೀರಿಗೂ ತಾಳೆಯಾಗದಿದ್ದಾಗ ನೀರನ್ನೇ ನಂಬಬೇಕು.

ಒಂದೇ ಜಮೀನಿನಲ್ಲಿ ಇಷ್ಟೊಂದು ಮಾನಗಳು ಸೇರಿಕೊಳ್ಳುವುದು ಯಾರ ತಪ್ಪೂ ಅಲ್ಲ. ಪಂಪಿನವರು ಮೀಟರ್ ಹೆಡ್‌ನಲ್ಲಿ, ಅಂದರೆ ಆ ಒತ್ತಡಕ್ಕೆ ನೀರು ಏರಬಲ್ಲ ಎತ್ತರದಲ್ಲಿ ಮಾತಾಡುತ್ತಾರೆ. ಪೈಪಿನ ಅಂಗಡಿಯಲ್ಲಿ ‘4 ಕೆಜಿ ಪೈಪು, 6 ಕೆಜಿ ಪೈಪು’ ಎನ್ನುತ್ತಾರೆ, ಆದರೆ ಐಎಸ್ 4985 ಮಾನಕದ ಪ್ರಕಾರ ಪಿವಿಸಿ ಪೈಪಿನ ದರ್ಜೆ ಇರುವುದು ಮೆಗಾಪ್ಯಾಸ್ಕಲ್‌ನಲ್ಲಿ: ಒಂದನೇ ದರ್ಜೆ 0.25, ಎರಡನೆಯದು 0.4, ಮೂರನೆಯದು 0.6. ಡ್ರಿಪ್ಪರ್ ಕ್ಯಾಟಲಾಗ್‌ನಲ್ಲಿ ಬಾರ್, ಫಿಲ್ಟರ್ ಕ್ಯಾಟಲಾಗ್‌ನಲ್ಲಿ ಕಿಲೊಪ್ಯಾಸ್ಕಲ್. ಎಲ್ಲವೂ ಮೆಟ್ರಿಕ್ಕೇ. ಕೆಜಿ ಎಂದು ಎಲ್ಲರೂ ಹೇಳುವುದು ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋಗ್ರಾಂ ತೂಕ ಹಾಕುವ ಒತ್ತಡವನ್ನು.

ಅವುಗಳ ನಡುವಿನ ಸಂಬಂಧ ಹೀಗಿದೆ:

1 ಕೆಜಿ = 10 ಮೀಟರ್ ನೀರು = 98.07 ಕಿಲೊಪ್ಯಾಸ್ಕಲ್ = 0.981 ಬಾರ್ = 0.0981 ಮೆಗಾಪ್ಯಾಸ್ಕಲ್
1 ಬಾರ್ = 100 ಕಿಲೊಪ್ಯಾಸ್ಕಲ್ = 0.1 ಮೆಗಾಪ್ಯಾಸ್ಕಲ್ = 1.02 ಕೆಜಿ = 10.2 ಮೀಟರ್
1 ಮೆಗಾಪ್ಯಾಸ್ಕಲ್ = 10 ಬಾರ್ = 10.2 ಕೆಜಿ = 102 ಮೀಟರ್
1 ಮೀಟರ್ ನೀರು = 9.81 ಕಿಲೊಪ್ಯಾಸ್ಕಲ್ = 0.1 ಕೆಜಿ

ಕೆಜಿಗೂ ಬಾರ್‌ಗೂ ಇರುವ ವ್ಯತ್ಯಾಸ ನೂರಕ್ಕೆ ಎರಡು. ತೋಟದ ಮಟ್ಟಿಗೆ ಅದನ್ನು ಬಿಟ್ಟುಬಿಡಬಹುದು, ಏಕೆಂದರೆ ಅಗ್ಗದ ಗೇಜಿನ ತಪ್ಪು ಅದಕ್ಕಿಂತ ದೊಡ್ಡದು. ನೀರು ಬೆಚ್ಚಗಾದಾಗ ಸ್ವಲ್ಪ ಹಗುರಾಗುವುದು ಇನ್ನೂ ಸಣ್ಣ ಲೆಕ್ಕ, 30 ಡಿಗ್ರಿಯಲ್ಲಿ ನೂರಕ್ಕೆ ಅರ್ಧಕ್ಕೂ ಕಡಿಮೆ. ಹತ್ತು ಪಟ್ಟು, ನೂರು ಪಟ್ಟಿನ ಜಿಗಿತವನ್ನು ಮಾತ್ರ ಬಿಡುವ ಹಾಗಿಲ್ಲ. ಈ ತೋಟದಲ್ಲಿ ಎಡವಿದ್ದು ಎರಡು ಸಲವೂ ದಶಾಂಶ ಬಿಂದುವಿನಲ್ಲೇ. ಮೂರು ದಶಾಂಶದವರೆಗೆ ಗುಣಿಸಿ ಬಿಂದುವನ್ನು ತಪ್ಪು ಜಾಗದಲ್ಲಿಟ್ಟರೆ ಆ ನಿಖರತೆಯಿಂದ ಏನೂ ಪ್ರಯೋಜನವಿಲ್ಲ.

ಗೇಜಿನಲ್ಲಿ ಎಡವಿದ್ದು ಎರಡನೇ ಸಲ. ಮೊದಲನೆಯದು ವಿನ್ಯಾಸದ ಹಾಳೆಯಲ್ಲೇ ಕೂತಿತ್ತು. ಮೇಲಿನ ಬ್ಲಾಕ್‌ಗೆ ಬೇಕಾದ ಹೆಡ್ಡನ್ನು ಪೂರ್ತಿ ಮೀಟರಿನಲ್ಲಿ ಕೂಡಿದರೆ ಹೀಗೆ ಬರುತ್ತದೆ:

ಹೊಂಡದ ನೀರಿನಿಂದ ಪಂಪಿಗೆ ಎಳೆಯುವ ಎತ್ತರ: 3
ಪಂಪಿನಿಂದ ಬ್ಲಾಕ್‌ನ ತುದಿಗೆ: 14
ಮೇನ್‌ಲೈನ್ ಘರ್ಷಣೆ: 1.4
ಎರಡೂ ಫಿಲ್ಟರ್: 5
ವಾಲ್ವ್, ಎಲ್ಬೋ, ಟೀ: 2
ಸಬ್‌ಮೇನ್ (ಬ್ಲಾಕ್‌ನೊಳಗಿನ ಉಪಕೊಳವೆ) ಮತ್ತು ಲ್ಯಾಟರಲ್ (ಡ್ರಿಪ್ಪರ್ ಕೂತ ಸಾಲಿನ ಕೊಳವೆ): 2.6
ಡ್ರಿಪ್ಪರಿಗೆ: 10
ಒಟ್ಟು: 38 ಮೀಟರ್

ಹಾಳೆಯಲ್ಲಿ ಒಟ್ಟು 33.5 ಇತ್ತು. ಫಿಲ್ಟರ್ ಕ್ಯಾಟಲಾಗ್‌ನಲ್ಲಿ ‘50 ಕಿಲೊಪ್ಯಾಸ್ಕಲ್’ ಎಂದು ಕೊಟ್ಟಿದ್ದನ್ನು ನೂರರಿಂದ ಭಾಗಿಸಿ 0.5 ಮಾಡಿದ್ದಾರೆ. ಅಲ್ಲಿಯವರೆಗೆ ಸರಿ, ಅದು 0.5 ಬಾರ್. ಆ 0.5 ಹೋಗಿ ಕೂತದ್ದು ಮಾತ್ರ ಮೀಟರಿನ ಕಾಲಂನಲ್ಲಿ. ಐದು ಮೀಟರ್ ಅರ್ಧ ಮೀಟರಾಯಿತು, ಪಂಪಿನ ಲೆಕ್ಕದಿಂದ ನಾಲ್ಕೂವರೆ ಮೀಟರ್ ಮಾಯವಾಯಿತು. ಪ್ರತಿ ಸಾಲಿನಲ್ಲಿ ಅಂಕಿಯ ಪಕ್ಕ ಮಾನವನ್ನೂ ಬರೆಯುವ ಅಭ್ಯಾಸವಿದ್ದರೆ ಇದು ಅಲ್ಲೇ ಸಿಕ್ಕಿಬೀಳುತ್ತಿತ್ತು. ಇಳಿಜಾರಿನ ತೋಟಕ್ಕೆ ಎಲ್ಲವನ್ನೂ ಮೀಟರಿಗೆ ತಂದುಕೊಳ್ಳುವುದೇ ಒಳ್ಳೆಯದು. ಜಮೀನಿನ ಎತ್ತರ, ಪಂಪಿನ ಪಟ್ಟಿ ಎರಡೂ ಮೊದಲೇ ಮೀಟರಿನಲ್ಲಿರುತ್ತವೆ, ಉಳಿದವನ್ನಷ್ಟೇ ಬದಲಿಸಿದರೆ ಆಯಿತು.

ಇಲ್ಲೊಂದು ಗೊಂದಲ ಆಗಾಗ ಬರುತ್ತದೆ: ಇದಕ್ಕೆ ಗಾಳಿಯ ಒತ್ತಡ ಸೇರಿಸಬೇಕೇ? ಬೇಡ. ಗೇಜಿನ ಸೊನ್ನೆ ಎಂದರೆ ಆ ಜಾಗದ ಗಾಳಿಯ ಒತ್ತಡ, ಡ್ರಿಪ್ಪರಿನಿಂದ ನೀರು ಬೀಳುವುದೂ ಅದೇ ಗಾಳಿಗೆ. ಎಳೆಯುವ ಬದಿಯಲ್ಲಿ ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101.3 ಕಿಲೊಪ್ಯಾಸ್ಕಲ್, ಅಂದರೆ 10.3 ಮೀಟರ್ ನೀರು. 700 ಮೀಟರ್ ಎತ್ತರದ ಬಯಲುಸೀಮೆಯಲ್ಲಿ ಅದು ಸುಮಾರು 93 ಕಿಲೊಪ್ಯಾಸ್ಕಲ್, 9.5 ಮೀಟರ್. ಎಳೆತ 3 ಮೀಟರ್ ಇರುವಾಗ ತೊಂದರೆಯಿಲ್ಲ. ಹೊಂಡ ಬತ್ತಿ ಅದು 6 ಮೀಟರಿಗೆ ಹೋದರೆ ಈ ಮುಕ್ಕಾಲು ಮೀಟರ್ ವ್ಯತ್ಯಾಸಕ್ಕೂ ಬೆಲೆ ಬರುತ್ತದೆ.

ಈಗ ಮುಖ್ಯ ಪ್ರಶ್ನೆ: ನಾಲ್ಕೂವರೆ ಮೀಟರ್ ಕೊರತೆಯೇ ಐದನೇ ಒಂದು ಪಾಲು ನೀರನ್ನು ತಿಂದಿತೇ? ಇಲ್ಲ. ಈ ಮಾದರಿಯ ಡ್ರಿಪ್ಪರಿನಲ್ಲಿ ನೀರಿನ ಪ್ರಮಾಣ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. 10 ಮೀಟರ್ ಹೆಡ್ಡಿನಲ್ಲಿ 4 ಲೀಟರ್ ಕೊಡುವುದು 6.4 ಮೀಟರಿನಲ್ಲಿ 3.2 ಲೀಟರ್ ಕೊಡುತ್ತದೆ. ನೀರು ಕಡಿಮೆ ಹರಿದಾಗ ಪೈಪು, ಫಿಲ್ಟರ್‌ಗಳಲ್ಲಿನ ನಷ್ಟವೂ ಇಳಿಯುತ್ತದೆ, ಪಂಪು ಕೊಡುವ ಹೆಡ್ ಒಂದಿಷ್ಟು ಏರುತ್ತದೆ. ಹಾಳೆಯ ಲೆಕ್ಕದಂತೆ ತಂದ 2 ಎಚ್‌ಪಿ ಪಂಪು ಸೆಕೆಂಡಿಗೆ 1.6 ಲೀಟರಿನಲ್ಲಿ 34 ಮೀಟರ್, ವಾಲ್ವ್ ಪೂರ್ತಿ ಮುಚ್ಚಿದಾಗ 42 ಮೀಟರ್ ಕೊಡುವಂಥದ್ದು. ಫಿಲ್ಟರ್ ತನ್ನ 5 ಮೀಟರ್ ಮಿತಿಯಲ್ಲಿದ್ದರೆ ಈ ಪಂಪಿನಲ್ಲೇ ತುದಿಗೆ ಗಂಟೆಗೆ 3.7 ಲೀಟರ್ ಸಿಗಬೇಕು. ನೂರಕ್ಕೆ ಏಳು ಕಡಿಮೆ. ಹನಿ ನೀರಾವರಿಯಲ್ಲಿ ನೂರಕ್ಕೆ ಹತ್ತರವರೆಗಿನ ಏರುಪೇರನ್ನು ಒಪ್ಪುವುದು ರೂಢಿ. ವಿನ್ಯಾಸದ ತಪ್ಪೊಂದರಿಂದಲೇ ಕಾಯಿ ಬಿರಿಯುತ್ತಿರಲಿಲ್ಲ.

ಉಳಿದದ್ದನ್ನು ತಿಂದದ್ದು ಮರಳು ಫಿಲ್ಟರ್. ಹೊಂಡದ ನೀರಿನಲ್ಲಿ ಪಾಚಿ ಹೆಚ್ಚು. ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವುದು) ಮಾಡದೆ ಬಿಟ್ಟರೆ ಮರಳಿನ ಮೇಲೆ ಹಸಿರು ಚಾಪೆ ಕಟ್ಟುತ್ತದೆ. ಮೊದಲ ಗೇಜಿನ ರಂಧ್ರವನ್ನು ಸೂಜಿಯಿಂದ ಬಿಡಿಸಿ ಹಳೆಯ ಪಂಪನ್ನು ಓಡಿಸಿದಾಗ ಫಿಲ್ಟರಿಗಿಂತ ಮೊದಲು 3.4 ಕೆಜಿ, ನಂತರ 0.24 ಮೆಗಾಪ್ಯಾಸ್ಕಲ್. ಎರಡನ್ನೂ ಮೀಟರಿಗೆ ತಂದರೆ 34 ಮತ್ತು 24. ಹತ್ತು ಮೀಟರ್ ಹೆಡ್, ಅಂದರೆ ಒಂದು ಡ್ರಿಪ್ಪರಿಗೆ ಬೇಕಾದಷ್ಟೂ ಒತ್ತಡ, ಫಿಲ್ಟರಿನಲ್ಲೇ ಉಳಿಯುತ್ತಿತ್ತು. 24 ಮೀಟರಿನಲ್ಲಿ 14 ಏರಿಗೆ, ಸುಮಾರು 4 ಪೈಪು, ವಾಲ್ವ್, ಲ್ಯಾಟರಲ್‌ಗಳಿಗೆ ಹೋದರೆ ಡ್ರಿಪ್ಪರಿಗೆ ಉಳಿಯುವುದು ಆರು ಚಿಲ್ಲರೆ. ಲೋಟದಲ್ಲಿ ಸಿಕ್ಕ 53 ಮಿ.ಲೀ. ಹೇಳುವುದೂ ಅದನ್ನೇ.

3 ಎಚ್‌ಪಿ ಪಂಪು ಬಂದ ಮೇಲೆ ಮೇಲ್ನೋಟಕ್ಕೆ ಎಲ್ಲ ಸರಿಹೋಯಿತು. ಕಟ್ಟಿದ ಫಿಲ್ಟರಿನ ಮೂಲಕವೇ ನೀರನ್ನು ನೂಕಿ ತುದಿಗೆ ಪೂರ್ತಿ 4 ಲೀಟರ್ ಮುಟ್ಟಿಸಿತು. ಗೇಜಿನಲ್ಲಿ 0.29, ಅಂದರೆ ಹಾಳೆ ಕೇಳಿದ 3 ಕೆಜಿ ಸರಿಯಾಗಿ ಬಂದಿತ್ತು. ಅದನ್ನೂ ಕಾಲು ಕೆಜಿ ಚಿಲ್ಲರೆ ಎಂದೇ ಓದಿದ್ದರಿಂದ, ಹೊಂಡಕ್ಕೆ ವಾಪಸು ಹೋಗುವ ಬೈಪಾಸ್ ವಾಲ್ವ್ ಪೂರ್ತಿ ಮುಚ್ಚಿಯೇ ಇತ್ತು. ‘ಒತ್ತಡ ಇನ್ನೂ ಏರಬೇಕು’ ಎಂಬ ಭಾವನೆ.

ಜಾಯಿಂಟ್ ಕಿತ್ತದ್ದು ಪಾಳಿ ಬದಲಿಸುವಾಗ. ಮೇಲಿನ ಬ್ಲಾಕ್‌ನ ವಾಲ್ವ್ ಮುಚ್ಚಿ, ಪಂಪು ಓಡುತ್ತಿರುವಾಗಲೇ ಕೆಳಗೆ ನಡೆದು ಬಂದು ಇನ್ನೊಂದು ವಾಲ್ವ್ ತೆರೆಯುವುದು ಅಲ್ಲಿನ ರೂಢಿ. ಆ ನಾಲ್ಕೈದು ನಿಮಿಷ ನೀರಿಗೆ ಎಲ್ಲೂ ದಾರಿಯಿಲ್ಲ, ಪಂಪು ತನ್ನ ಗರಿಷ್ಠ ಹೆಡ್ಡಿಗೆ ಏರಿ ನಿಲ್ಲುತ್ತದೆ. ಹಳೆಯ ಪಂಪಿನಲ್ಲಿ ಅದು 42ರಲ್ಲಿ ಎಳೆತದ 3 ಕಳೆದು 39 ಮೀಟರ್, 3.9 ಕೆಜಿ, 0.38 ಮೆಗಾಪ್ಯಾಸ್ಕಲ್. ಈ ಮೇನ್‌ಲೈನ್ ಪೈಪು ಎರಡನೇ ದರ್ಜೆಯದು, ಅದರ 0.4ರ ಮಿತಿಯೊಳಗೆ ಕೂದಲೆಳೆಯಲ್ಲಿ ಪಾರು. ಹೊಸ ಪಂಪಿನ ಗರಿಷ್ಠ 57 ಮೀಟರ್. ಗೇಜಿಗೆ ಬರುವುದು 54 ಮೀಟರ್, 5.4 ಕೆಜಿ, 0.53 ಮೆಗಾಪ್ಯಾಸ್ಕಲ್. ಹಿಂದೆ ಏನೂ ಆಗದಿದ್ದ ರೂಢಿ ಈಗ ಪೈಪಿನ ಮಿತಿಯನ್ನು ದಾಟಿಸುತ್ತಿತ್ತು.

ಇದರ ಮೇಲೆ ನೀರಿನ ಹೊಡೆತ ಬೇರೆ. ಬಾಲ್ ವಾಲ್ವನ್ನು ಕಾಲು ಸುತ್ತು ತಿರುಗಿಸಿದರೆ ಸೆಕೆಂಡಿನೊಳಗೆ ಮುಚ್ಚುತ್ತದೆ. ಇಷ್ಟು ತೆಳು ಗೋಡೆಯ ಪಿವಿಸಿ ಪೈಪಿನಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 270 ಮೀಟರ್ ಓಡುತ್ತದೆ. ಹಾಗಾಗಿ 240 ಮೀಟರ್ ಹೋಗಿ ಬರಲು ಎರಡು ಸೆಕೆಂಡಿನಷ್ಟು ಬೇಕು. ಅದಕ್ಕಿಂತ ಬೇಗ ಮುಚ್ಚಿದರೆ ಪೂರ್ತಿ ಹೊಡೆತ ಬೀಳುತ್ತದೆ, ಸೆಕೆಂಡಿಗೆ 0.57 ಮೀಟರ್ ವೇಗದ ನೀರಿಗೆ ಅದು ಸುಮಾರು 15 ಮೀಟರ್, ಅಂದರೆ ಒಂದೂವರೆ ಕೆಜಿ. ಪೈಪಿನ ಗೋಡೆ ಇದನ್ನೆಲ್ಲ ಸ್ವಲ್ಪ ಕಾಲ ತಾಳಿಕೊಳ್ಳುತ್ತದೆ, ಅದರಲ್ಲಿ ಆ ಮಟ್ಟಿನ ಮೀಸಲು ಶಕ್ತಿ ಇರುತ್ತದೆ. ಸೋಲುವುದು ಜಾಯಿಂಟ್, ಅದರಲ್ಲೂ ಮರಳು ಕಾಗದದಲ್ಲಿ ಉಜ್ಜದೆ, ಒದ್ದೆಯಿರುವಾಗಲೇ ಸಲ್ಯೂಷನ್ ಹಚ್ಚಿ ತುರುಕಿದ ಜಾಯಿಂಟ್.

ಬೇಸರದ ವಿಷಯವೆಂದರೆ ಆ ಹೊಸ ಗೇಜೂ ಪೈಪಿನ ಮೇಲಿನ ಅಚ್ಚೂ ಒಂದೇ ಮಾನದಲ್ಲಿದ್ದವು. ಪೈಪಿನ ಮೇಲೆ 0.4, ಗೇಜಿನಲ್ಲಿ 0.53. ಯಾವ ಗುಣಾಕಾರವೂ ಬೇಕಿರಲಿಲ್ಲ.

ಸರಿಪಡಿಸುವ ಕೆಲಸ ಗೇಜಿನಿಂದ ಶುರುವಾಗಬೇಕು, ಏಕೆಂದರೆ ಮುಂದಿನ ಪ್ರತಿ ಹೆಜ್ಜೆಯೂ ಅದರ ಓದಿನ ಮೇಲೆ ನಿಂತಿದೆ. ಇಳಿಜಾರಿನ ತೋಟದಲ್ಲಿ ಗೇಜಿನ ಪರೀಕ್ಷೆಗೆ ಹೊರಗಿನ ಉಪಕರಣ ಬೇಡ. ಕೆಳಗಿನ ಬ್ಲಾಕ್‌ನ ವಾಲ್ವೂ ಬೈಪಾಸೂ ಮುಚ್ಚಿರಲಿ, ಮೇಲಿನದು ತೆರೆದಿರಲಿ. ಪಂಪು ನಿಲ್ಲಿಸಿ, ಡ್ರಿಪ್ಪರ್‌ಗಳು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಬೇಕು. ಎನ್‌ಆರ್‌ವಿ ಸೋರದಿದ್ದರೆ ಮೇನ್‌ಲೈನ್ 12 ಮೀಟರ್ ಎತ್ತರದವರೆಗೆ ತುಂಬಿಕೊಂಡೇ ಇರುತ್ತದೆ. ಆಗ ಗೇಜು 1.2 ತೋರಿಸಿದರೆ ಅದು ಕೆಜಿ ಅಥವಾ ಬಾರ್, 0.12 ತೋರಿಸಿದರೆ ಮೆಗಾಪ್ಯಾಸ್ಕಲ್, 120ರ ಆಸುಪಾಸಿನಲ್ಲಿದ್ದರೆ ಕಿಲೊಪ್ಯಾಸ್ಕಲ್. ಇದ್ಯಾವುದೂ ಬಾರದೆ 0.8, 1.6ರಂಥ ಅಂಕಿ ಬಂದರೆ ಗೇಜೇ ಕೆಟ್ಟಿದೆ. ಮುಳ್ಳು ನಿಧಾನವಾಗಿ ಇಳಿಯುತ್ತಲೇ ಹೋದರೆ ಎನ್‌ಆರ್‌ವಿ ಸೋರುತ್ತಿದೆ.

ಎರಡನೆಯದು ಗೇಜಿನ ಅಳತೆ. 0–10 ಕೆಜಿಯ, 2.5 ದರ್ಜೆಯ ಗೇಜಿನಲ್ಲಿ ಎಲ್ಲೇ ಓದಿದರೂ ಕಾಲು ಕೆಜಿ ಆಚೀಚೆ ಇರಬಹುದು, ಏಕೆಂದರೆ ದರ್ಜೆಯ ಅಂಕಿ ಪೂರ್ತಿ ಅಳತೆಯ ಶೇಕಡಾವಾರು ಲೆಕ್ಕ. ಅಂಥ ಎರಡನ್ನು ಫಿಲ್ಟರಿನ ಆಚೀಚೆ ಹಾಕಿ ಒಂದರಿಂದ ಒಂದನ್ನು ಕಳೆದರೆ ಅರ್ಧ ಕೆಜಿಯ ನಷ್ಟ ಕಾಣಿಸದೇ ಹೋಗಬಹುದು. ಅದರ ಬದಲು 0–6 ಕೆಜಿಯ, 1.6 ದರ್ಜೆಯ, ಗ್ಲಿಸರಿನ್ ತುಂಬಿದ ಒಂದೇ ಒಳ್ಳೆಯ ಗೇಜು ಸಾಕು. ಅದನ್ನು ಟೀ ಹಾಕಿ ಎರಡು ಸಣ್ಣ ಕಾಕ್‌ಗಳ ಮೂಲಕ ಫಿಲ್ಟರಿನ ಎರಡೂ ಬದಿಗೆ ಜೋಡಿಸಿ, ಒಮ್ಮೆಗೆ ಒಂದನ್ನೇ ತೆರೆದು ಓದಬೇಕು. ಗೇಜಿನಲ್ಲಿ ತಪ್ಪಿದ್ದರೂ ಎರಡೂ ಓದಿನಲ್ಲಿ ಅದೇ ತಪ್ಪು ಇರುವುದರಿಂದ ಕಳೆದಾಗ ಬಹುಪಾಲು ಹೋಗಿಬಿಡುತ್ತದೆ.

ಮೂರನೆಯದು ಮರಳು ಫಿಲ್ಟರ್. ಬ್ಯಾಕ್‌ವಾಶ್ ನೀರು ತಿಳಿಯಾಗುವವರೆಗೆ ಬಿಟ್ಟು, ಸ್ಕ್ರೀನ್ ತೆಗೆದು ಬ್ರಷ್‌ನಲ್ಲಿ ಉಜ್ಜಿದ ಮೇಲೆ ಎರಡೂ ಫಿಲ್ಟರ್ ಸೇರಿ ನಷ್ಟ ಕಾಲು ಕೆಜಿಗೆ ಇಳಿಯಿತು. ಪಂಪಿನ ವಿಷಯದಲ್ಲಿ ಸರಿಯಾದ ದಾರಿ ಹಳೆಯದನ್ನೇ ವಾಪಸು ಕೂರಿಸುವುದು. ಫಿಲ್ಟರ್ ಶುಚಿಯಿರುವಾಗ ಅದರಲ್ಲೇ ಫಿಲ್ಟರ್ ನಂತರ 2.9 ಕೆಜಿ ಬರುತ್ತದೆ, ತುದಿಯಲ್ಲಿ ನಿಮಿಷಕ್ಕೆ 65 ಮಿ.ಲೀ. ಬೀಳುತ್ತದೆ. 3 ಎಚ್‌ಪಿ ಪಂಪನ್ನೇ ಉಳಿಸಿಕೊಂಡು ಫಿಲ್ಟರ್ ತೊಳೆದರೆ ತುದಿಯಲ್ಲಿ 4.8 ಲೀಟರ್, ಕೆಳಗಿನ ಬ್ಲಾಕ್‌ನಲ್ಲಿ 5.6 ಲೀಟರ್ ಬೀಳುತ್ತದೆ, ಅಲ್ಲಿನ 2.5 ಕೆಜಿ ದರ್ಜೆಯ ಲ್ಯಾಟರಲ್‌ಗಳು ಮಿತಿಯ ಹತ್ತಿರ ಓಡುತ್ತವೆ. ಹೆಚ್ಚುವರಿ ಒತ್ತಡವನ್ನು ಬೈಪಾಸ್‌ನಲ್ಲಿ ಹೊಂಡಕ್ಕೇ ಸುರಿಯಬೇಕಾಗುತ್ತದೆ. ಕರೆಂಟು ಖರ್ಚು ಮಾಡಿ ಎತ್ತಿದ ನೀರನ್ನು ಹಾಗೆ ಸುರಿಯುವುದರಲ್ಲಿ ಅರ್ಥವಿಲ್ಲ. ಹಳೆಯ ಪಂಪಿನಲ್ಲೂ ಕೆಳಗಿನ ಬ್ಲಾಕ್‌ಗೆ ಬೇಕಾದ್ದಕ್ಕಿಂತ ಹೆಚ್ಚೇ ಹೋಗುತ್ತದೆ. ಆ ಬ್ಲಾಕ್‌ನ ಸಬ್‌ಮೇನ್ ಬಾಯಲ್ಲಿ ಗೇಜು ಹಿಡಿದು ಒತ್ತಡ 1.3 ಕೆಜಿಗೆ ಬರುವಂತೆ ವಾಲ್ವನ್ನು ಅರೆ ಮುಚ್ಚಿ, ಹಿಡಿಯ ಸ್ಥಾನಕ್ಕೆ ಬಣ್ಣದ ಗುರುತು ಹಾಕಬೇಕು.

ಪಾಳಿ ಬದಲಿಸುವ ಕ್ರಮವೂ ತಿರುಗಬೇಕು: ಮೊದಲು ಮುಂದಿನ ಬ್ಲಾಕ್ ತೆರೆದು, ಆಮೇಲೆ ಓಡುತ್ತಿದ್ದದ್ದನ್ನು ಹತ್ತು ಎಣಿಸುತ್ತ ಮುಚ್ಚುವುದು. ಆದರೂ ಕೈತಪ್ಪುವ ದಿನ ಬರುತ್ತದೆ. ಅದಕ್ಕೆ ಮೇನ್‌ಲೈನ್ ಶುರುವಿನಲ್ಲಿ ಒಂದು ಪ್ರೆಷರ್ ರಿಲೀಫ್ ವಾಲ್ವ್ ಇರಬೇಕು, 3.6 ಕೆಜಿಗೆ ತೆರೆದುಕೊಳ್ಳುವಂತೆ. ಓಡುವ ಒತ್ತಡ 2.9, ಪೈಪಿನ ಮಿತಿ 4.08, ಇದು ಇವೆರಡರ ನಡುವೆ ಬೀಳುತ್ತದೆ. ವಾಲ್ವಿನ ಸ್ಪ್ರಿಂಗ್ ಮೇಲೆ ಬಾರ್ ಗುರುತಿದ್ದರೆ 3.5ಕ್ಕೆ, ಮೆಗಾಪ್ಯಾಸ್ಕಲ್ ಇದ್ದರೆ 0.35ಕ್ಕೆ ತಿರುಗಿಸಬೇಕು. ಕೂರಿಸಿದ ಮೇಲೆ ಎರಡೂ ಬ್ಲಾಕ್ ಬೇಕೆಂದೇ ಮುಚ್ಚಿ, ವಾಲ್ವಿನಿಂದ ನೀರು ಚಿಮ್ಮಿದಾಗ ಗೇಜಿನ ಮುಳ್ಳು ಎಲ್ಲಿದೆ ಎಂದು ನೋಡಿ, ಫಿಲ್ಟರ್ ಪಕ್ಕದ ಹಲಗೆಯ ಮೇಲೆ ಆ ಅಂಕಿಯನ್ನು ಮಾನದ ಸಮೇತ ಬರೆಯಬೇಕು.